ಕೋಟೆಯ ಸಂದು, ಗದ್ದೆಯ ಹುಳು

ಶ್ರೀರಂಗಪಟ್ಟಣದ ಕೋಟೆ ಯಾರದು ಎಂದರೆ ಇತಿಹಾಸ ಓದಿದವರು ವಿಜಯನಗರದವರಿಂದ ಹಿಡಿದು ಒಡೆಯರು, ಹೈದರ್, ಟಿಪ್ಪು, ಇಂಗ್ಲಿಷರವರೆಗೆ ಸಾಲಾಗಿ ಹೆಸರು ಹೇಳುತ್ತಾರೆ. ಈಗ ಅಲ್ಲಿ ಸಂಸಾರ ಹೂಡಿರುವವರ ಪಟ್ಟಿಯೇ ಬೇರೆ. ಬಾಗಿಲ ಕಮಾನಿನಡಿ ಮನೆ ಬಾನಾಡಿ, ಕತ್ತಲ ಕೋಣೆಗಳಲ್ಲಿ ಬಾವಲಿ, ಕಲ್ಲಿನ ಸಂದಿನಲ್ಲಿ ಹಾಲಕ್ಕಿ, ಬಿಸಿಲಿಗೆ ಕಾದ ಚಪ್ಪಡಿಯ ಮೇಲೆ ಓತಿಕ್ಯಾತ. ಮಸ್ಜಿದ್-ಎ-ಆಲಾದ ಎರಡು ಮಿನಾರುಗಳಲ್ಲಿ ಪಾರಿವಾಳ. ಕಂದಕದ ಅಂಚಿನ ಪೊದೆಯಲ್ಲಿ ಚಿಟ್ಟುಮಡಿವಾಳ. ಇವಕ್ಕೆ 1799ರ ಮೇ 4 ಗೊತ್ತಿಲ್ಲ. ಆ ದಿನ ಕೋಟೆ ಬಿದ್ದು ರಾಜಧಾನಿ ಮೈಸೂರಿಗೆ ಹೊರಟುಹೋದ ಮೇಲೆ ಅವುಗಳ ಪಾಲಿಗೆ ಜಾಗ ಇನ್ನಷ್ಟು ವಿಶಾಲವಾಯಿತು, ಅಷ್ಟೆ.

ನಾನಿರುವುದು ಮೈಸೂರಿನ ಈಶಾನ್ಯ ಅಂಚಿನ ರಾಜೀವನಗರದಲ್ಲಿ. ಅಲ್-ಬದರ್ ವೃತ್ತದ ಸುತ್ತಮುತ್ತ ಬೆಳಗಾಗುತ್ತಲೇ ಹಾಲಿನ ಗಾಡಿ, ಆಟೋ, ಶಾಲೆಗೆ ಹೊರಟ ಮಕ್ಕಳು. ಮಾಂಸದಂಗಡಿಗಳ ಮೇಲೆ ಗಿರಕಿ ಹೊಡೆಯುವ ಹದ್ದುಗಳು. ಬೀದಿದೀಪದ ಕಬ್ಬಿಣದ ಕೊಳವೆಯ ಬಾಯಲ್ಲಿ ಗೊರವಂಕದ ಸಂಸಾರ, ತೆಂಗಿನ ಗರಿಯಡಿ ತಾಳೆ ಬಾನಾಡಿಯ ಗೂಡು. ಉಳಿದಂತೆ ಹಕ್ಕಿಗೆ ಇಲ್ಲಿ ಬಾಡಿಗೆಗೆ ಮನೆ ಸಿಗುವುದು ಕಷ್ಟ. ಗೋಡೆಗಳೆಲ್ಲ ಸಿಮೆಂಟು ಬಳಿದು ನುಣ್ಣಗಾಗಿವೆ, ಕಿಟಕಿಗಳಿಗೆ ಸೊಳ್ಳೆ ಪರದೆ, ಗವಾಕ್ಷಿಗೆ ಗಾಜು.

ಹೊರವರ್ತುಲ ರಸ್ತೆ ದಾಟಿ ಕೇಸರೆ, ನಾಗನಹಳ್ಳಿ ಮೇಲೆ ಹೋದರೆ ರೈಲು ಹಳಿ ಜೊತೆಯಾಗುತ್ತದೆ. ಮೊದಲು ಸಿಗುವುದು ರಾಗಿ, ಹುರುಳಿ ಬೆಳೆಯುವ ಒಣ ಹೊಲ. ನಡುನಡುವೆ ನಿವೇಶನದ ಕಲ್ಲುಗಳು, ‘ಜಾಗ ಮಾರಾಟಕ್ಕಿದೆ’ ಎಂಬ ಫಲಕಗಳು. ಮುಂದೆ ನಾಲೆಯ ನೀರು ಮುಟ್ಟಿದ ಕಡೆ ಭೂಮಿಯ ಬಣ್ಣವೇ ಬದಲಾಗಿ ಭತ್ತ, ಕಬ್ಬು, ತೆಂಗು ಶುರುವಾಗುತ್ತವೆ. ಕಾವೇರಿಯ ಬಲದಂಡೆಯ ವಿರಿಜಾ ನಾಲೆ, ಎಡದಂಡೆಯ ಚಿಕ್ಕದೇವರಾಯ ಸಾಗರ ನಾಲೆ, ಪಟ್ಟಣಕ್ಕೇ ನೀರು ತರುವ ಬಂಗಾರದೊಡ್ಡಿ ನಾಲೆ ಇವೆಲ್ಲ ಕನ್ನಂಬಾಡಿ ಕಟ್ಟೆಗಿಂತ ಹಳೆಯವು. ಮನೆಯಿಂದ ಕೋಟೆಗೆ ಹದಿನೈದು ಕಿಲೋಮೀಟರಿನ ಆಸುಪಾಸು. ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಬೆಂಗಳೂರಿನ ಕಾರುಗಳು ಊರನ್ನು ಬದಿಗಿಟ್ಟು ಹಾರಿಹೋಗುತ್ತವೆ. ಒಳದಾರಿ ಹಿಡಿದವನಿಗೆ ಹಳೆಯ ಪಟ್ಟಣವೂ ಅದರ ಗದ್ದೆಬಯಲೂ ಒಂದೇ ಆವರಣವಾಗಿ ಕಾಣುತ್ತವೆ. ಬಾನಾಡಿ ನನಗೆ ಕಲಿಸಿದ್ದೂ ಅದನ್ನೇ.

ಫೆಬ್ರವರಿ: ಬಾಗಿಲ ಕಮಾನು

ಕೋಟೆಯ ಬಾಗಿಲೊಂದರ ಒಳಗೆ ನಿಂತು ತಲೆಯೆತ್ತಿದರೆ ಕಮಾನು ಗೋಡೆಗೆ ಸೇರುವ ಮೂಲೆಯಲ್ಲಿ ಬೂದು ಬಣ್ಣದ ಗಂಟುಗಳು ಒಂದಕ್ಕೊಂದು ಅಂಟಿಕೊಂಡಿವೆ. ಕಸ ಕಟ್ಟಿದೆ ಎಂದುಕೊಂಡು ಬಹಳ ಜನ ಮುಂದೆ ಹೋಗುತ್ತಾರೆ. ದುರ್ಬೀನು ಹಿಡಿದು ನೋಡಿದರೆ ಪ್ರತಿ ಗಂಟಿಗೂ ಒಂದು ಬಾಯಿ, ಬಾಯಿಂದ ಹೊರಗಿಣುಕುವ ಬಿಳಿ ಗಂಟಲು. ಒಣಹುಲ್ಲು, ಕೋಳಿ ಪುಕ್ಕ, ಗಿಳಿಯ ಒಂದು ಹಸಿರು ಗರಿ, ಗೋಣಿಚೀಲದ ಬದಲು ಈಗ ಬಂದಿರುವ ಪ್ಲಾಸ್ಟಿಕ್ ಚೀಲದ ಎಳೆ. ಎಲ್ಲವನ್ನೂ ಹಕ್ಕಿ ತನ್ನ ಜೊಲ್ಲಿನಲ್ಲೇ ಅಂಟಿಸಿದೆ. ಇಷ್ಟು ಸಾಮಾನನ್ನೂ ಅದು ಗಾಳಿಯಲ್ಲೇ ಹಿಡಿದು ತಂದದ್ದು. ಮನೆ ಬಾನಾಡಿ ನೆಲಕ್ಕಿಳಿಯುವುದಿಲ್ಲ, ತಂತಿಯ ಮೇಲೆ ಕೂರುವುದಿಲ್ಲ. ಅದರ ಕಾಲು ಗಿಡ್ಡ. ನಾಲ್ಕು ಬೆರಳೂ ಮುಂದಕ್ಕೇ ಬಾಗಿವೆ. ಒರಟು ಗೋಡೆಗೆ ನೇತುಬೀಳಲು ಆ ಪಾದ ಸಾಕು, ಕೊಂಬೆ ಹಿಡಿಯಲು ಬಾರದು.

ಗುಬ್ಬಚ್ಚಿಯಷ್ಟೇ ಗಾತ್ರ, ಕುಡುಗೋಲಿನಂತೆ ಬಾಗಿದ ರೆಕ್ಕೆ, ಬಾಲದ ಬುಡದಲ್ಲಿ ಬಿಳಿ ಪಟ್ಟೆ, ಕವಲಿಲ್ಲದ ಮೊಂಡು ಬಾಲ. ಕವಲುತೋಕೆಗಳ ಜೊತೆ ಇದನ್ನು ಸೇರಿಸುವವರು ಬಹಳ. ವೆಲ್ಲೆಸ್ಲಿ ಸೇತುವೆಯ ಕಡೆ ನಡೆದರೆ ಎರಡರ ವ್ಯತ್ಯಾಸ ತಿಳಿಯುತ್ತದೆ. 1804ರಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಮುಗಿದ ಈ ಸೇತುವೆ ಕಲ್ಲಿನ ಕಂಬಗಳ ಮೇಲೆ ನಿಂತಿದೆ. ನೀರಿನ ಅಂಚಿನಲ್ಲಿ ಹಾರುವ ತಂತಿಬಾಲದ ಕವಲುತೋಕೆ ಕೆಸರಿನ ಉಂಡೆಗಳನ್ನು ಒಂದರ ಮೇಲೊಂದು ಇಟ್ಟು ಅರ್ಧ ಬಟ್ಟಲಿನ ಗೂಡು ಮಾಡುತ್ತದೆ, ಕೆಸರಿಗಾಗಿ ನೆಲಕ್ಕಿಳಿಯುತ್ತದೆ, ದಣಿದರೆ ತಂತಿಯ ಮೇಲೆ ಕೂರುತ್ತದೆ. ಬಾನಾಡಿಗೆ ಈ ಮೂರು ಅನುಕೂಲವೂ ಇಲ್ಲ. ಅದಕ್ಕೆ ಬೇಕಾದದ್ದು ಒರಟು ಗೋಡೆ, ಮೇಲೊಂದು ಮರೆ, ಗೂಡಿಂದ ಜಾರಿಬಿದ್ದ ಕೂಡಲೇ ರೆಕ್ಕೆ ಬಿಚ್ಚಲು ಕೆಳಗೆ ತೆರಪು. ಹಳೆಯ ಕೋಟೆಯ ಬಾಗಿಲಲ್ಲಿ ಮೂರೂ ಇವೆ.

ಮರಿ ಮಾಡುವ ಕಾಲ ಫೆಬ್ರವರಿಯಿಂದ ಸುಮಾರು ಸೆಪ್ಟೆಂಬರ್‌ವರೆಗೆ. ಉಳಿದ ತಿಂಗಳುಗಳಲ್ಲೂ ಗೂಡು ಖಾಲಿಯಿಲ್ಲ. ರಾತ್ರಿ ಮಲಗಲು ಅಲ್ಲಿಗೇ ಬರುತ್ತವೆ. ಮರಿಗೆ ಊಟ ತರುವ ಹಕ್ಕಿಯ ಗಂಟಲು ಉಬ್ಬಿರುತ್ತದೆ. ಹಾರುವ ನೊಣ, ದುಂಬಿ, ರೆಕ್ಕೆ ಇರುವೆ, ಜಿಗಿಹುಳು ಎಲ್ಲ ಜೊಲ್ಲಿನಲ್ಲಿ ಕಲಸಿ ಒಂದು ಉಂಡೆ. ಗೂಡಿನ ಬಾಯಿಗೆ ತಗುಲಿಕೊಂಡು ಒಂದೇ ತುತ್ತಿಗೆ ಅದನ್ನು ಮರಿಯ ಗಂಟಲಿಗೆ ತುರುಕಿ ಮತ್ತೆ ಹೊರಗೆ ಬೀಳುತ್ತದೆ. ಹೋಗುವ ದಿಕ್ಕು ಗಮನಿಸುತ್ತ ಕೂತೆ. ಊರಿನ ಮೇಲೆ ಸುತ್ತಾಡುವುದು ಕಡಿಮೆ. ಹೆಚ್ಚಿನವು ಕೋಟೆ ದಾಟಿ ನದಿಯ ಮೇಲೆ ಹಾಯ್ದು ಗದ್ದೆ ಬಯಲಿನ ಕಡೆ ಹೊರಡುತ್ತವೆ.

ಏಪ್ರಿಲ್: ಗೋಡೆಯ ತೋಟ

ಬೇಸಿಗೆಯಲ್ಲಿ ಕಾವೇರಿ ಬಂಡೆಗಳ ನಡುವೆ ಸಣ್ಣಗಾಗಿರುತ್ತಾಳೆ. ಮೇಲ್ದಿಕ್ಕಿನ ರಂಗನತಿಟ್ಟಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳ ಮರಿ ಸಾಕುವ ಗಲಾಟೆ. ಹದಿನೇಳನೆಯ ಶತಮಾನದಲ್ಲಿ ಕಟ್ಟಿದ ಒಡ್ಡಿನಿಂದ ಆದ ದ್ವೀಪಗಳವು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಯದಿಂದ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ಜೌಗು ನೆಲಗಳ ರಾಮ್‌ಸಾರ್ ಪಟ್ಟಿಗೂ ಸೇರಿತು. ಜನ ಟಿಕೆಟ್ ತೆಗೆದು ದೋಣಿಯೇರಿ ನೋಡುವುದು ಅದನ್ನು. ನಾನು ಈ ತಿಂಗಳು ಕೋಟೆಯ ಗೋಡೆಗೇ ಅಂಟಿಕೊಂಡೆ.

ಹೊರಗಿನ ಕಲ್ಲು ಸುಡುತ್ತಿದ್ದರೂ ಸಂದಿನ ಹಳೆಯ ಸುಣ್ಣದ ಗಾರೆ ಒಳಗೆ ತುಸು ತೇವ ಹಿಡಿದಿರುತ್ತದೆ. ನೆರಳಿನ ಬದಿಯಲ್ಲಿ ಜರಿಗಿಡಗಳು. ಅವುಗಳಲ್ಲಿ ಹೆಚ್ಚು ಕಾಣುವುದು ಉದ್ದುದ್ದ ಎಲೆಯ ಟೆರಿಸ್ ವಿಟಾಟಾ. ಸುಣ್ಣ ಕಂಡಲ್ಲೆಲ್ಲ ಬೇರೂರುವ ಈ ಜರಿ ಮಣ್ಣಿನ ಆರ್ಸೆನಿಕ್ ವಿಷವನ್ನು ಎಲೆಗೆ ಎಳೆದುಕೊಳ್ಳುತ್ತದೆ ಎಂಬುದು 2001ರಲ್ಲಿ ಪ್ರಕಟವಾಯಿತು; ಅಲ್ಲಿಯವರೆಗೆ ಅದು ಪಾಳುಗೋಡೆಯ ಕಳೆ ಮಾತ್ರ. ಬಿಸಿಲಿನ ಬದಿಯಲ್ಲಿ ಹಳದಿ ಹೂವಿನ ಲಿಂಡನ್‌ಬರ್ಜಿಯಾ. ನೆಲದಲ್ಲಿ ಇದನ್ನು ಹುಡುಕಿದರೆ ಸುಲಭಕ್ಕೆ ಸಿಗದು, ಹಳೆಯ ಗೋಡೆ ಇದ್ದಲ್ಲಿ ತಪ್ಪದು.

ಇವೆರಡೂ ಸಾಧು ಗಿಡಗಳು. ಕೋಟೆಗೆ ಕೇಡು ಬಗೆಯುವುದು ಅರಳಿ, ಬಸರಿ, ಗೋಣಿ. ಹಣ್ಣು ತಿಂದ ಗೊರವಂಕವೋ ಕುಟುರವೋ ಗೋಡೆಯ ಮೇಲೆ ಕೂತು ಹಿಕ್ಕೆ ಹಾಕುತ್ತದೆ. ಬೀಜ ಸಂದಿಗೆ ಬೀಳುತ್ತದೆ. ಮೊದಲ ಮಳೆಗೆ ಎರಡೆಲೆ. ಬೇರು ಗಾರೆಯ ಜಾಡು ಹಿಡಿದು ಇಳಿದು ದಪ್ಪವಾಗುತ್ತ ಕಲ್ಲನ್ನು ಕಲ್ಲಿನಿಂದ ಬಿಡಿಸುತ್ತದೆ. ಮೇಲಿನ ಗಿಡ ಕಡಿದರೆ ಸಾಲದು. ಬುಡ ಉಳಿದರೆ ಮರು ಮಳೆಗೆ ಒಂದರ ಜಾಗದಲ್ಲಿ ನಾಲ್ಕು ಚಿಗುರು.

ಗೋಡೆಯ ಗಿಡಗಳಿಗೂ ಒಂದು ಗ್ರಂಥವಿದೆ. ರಿಚರ್ಡ್ ಡೀಕಿನ್ ಎಂಬ ಇಂಗ್ಲಿಷ್ ವೈದ್ಯ ರೋಮಿನ ಕೊಲೋಸಿಯಂ ಒಂದರಲ್ಲೇ 420 ಬಗೆಯ ಸಸ್ಯಗಳನ್ನು ಗುರುತಿಸಿ 1855ರಲ್ಲಿ ಪುಸ್ತಕ ತಂದ. ಹದಿನಾರು ವರ್ಷ ಕಳೆಯುವಷ್ಟರಲ್ಲಿ ಇಟಲಿ ಒಂದಾಗಿ ರೋಮ್ ರಾಜಧಾನಿಯಾಯಿತು. ಪುರಾತತ್ವದವರು ಕೊಲೋಸಿಯಂನ ಗಿಡಗಳನ್ನೆಲ್ಲ ಕಿತ್ತು ತೊಳೆದರು. ಕಟ್ಟಡ ಉಳಿಯಲು ಒಂದಷ್ಟು ಗಿಡ ಕೀಳುವುದು ಬೇಕಾಗಿತ್ತು ನಿಜ. ಆದರೆ ಸಾಧು ಗಿಡ, ಕೇಡಿ ಗಿಡ ಎಂದು ಬೇರೆ ಮಾಡುವ ತಾಳ್ಮೆ ಯಾರಿಗೂ ಇರಲಿಲ್ಲ. ಡೀಕಿನ್ನನಂಥವರ ಪಟ್ಟಿಗಳು ಇಲ್ಲದಿದ್ದರೆ ಅಲ್ಲಿ ಏನಿತ್ತೆಂಬುದೇ ತಿಳಿಯುತ್ತಿರಲಿಲ್ಲ. ಶ್ರೀರಂಗಪಟ್ಟಣದ ಗೋಡೆಗೂ ಒಂದು ಪಟ್ಟಿ ಮಾಡುವುದು ಸಸ್ಯಶಾಸ್ತ್ರ ಓದುವ ಮೈಸೂರಿನ ಹುಡುಗ ಹುಡುಗಿಯರ ಒಂದು ವರ್ಷದ ಕೆಲಸ.

ಮೇ: ಸಾರವೆ ತೂತು

ಮೊದಲ ಮಳೆ ಬಿದ್ದ ಸಂಜೆ ನೆಲದಿಂದ ಈಸಲು ಹುಳು ಎದ್ದವು. ಗೆದ್ದಲಿನ ರೆಕ್ಕೆ ಬಂದ ಪೀಳಿಗೆ ಇದು, ಒಂದೇ ಸಲಕ್ಕೆ ಸಾವಿರಗಟ್ಟಲೆ. ಕಾಗೆ, ಕಾಜಾಣ, ಗೊರವಂಕ, ಹದ್ದು ಎಲ್ಲಕ್ಕೂ ಹಬ್ಬ. ಬಾನಾಡಿಗಳ ಹಿಂಡು ಕೋಟೆಯ ಮೇಲೆ ಚಿರ್ರೆಂದು ಕಿರುಚುತ್ತ ಬಿಗಿಯಾಗಿ ಗುಂಪುಗೂಡಿ ಸುತ್ತಿ, ಚದುರಿ, ಮತ್ತೆ ಗುಂಪಾಗುತ್ತಿತ್ತು.

ಅದೇ ವಾರ ಪಟ್ಟಣದ ಒಳಗೇರಿಯಲ್ಲಿ ಹೆಂಚಿನ ಹಳೆಯ ಮನೆಯೊಂದರ ದುರಸ್ತಿ ನಡೆಯುತ್ತಿತ್ತು. ಸುಣ್ಣದ ಗೋಡೆ. ಮೇಸ್ತ್ರಿ ಸುಣ್ಣ, ಮರಳು ಕಲಸಿ, ಬೆಲ್ಲದ ನೀರೂ ಅಳಲೆಕಾಯಿ ನೆನೆಸಿದ ನೀರೂ ಹಾಕಿ ಗಾರೆ ಹದ ಮಾಡುತ್ತಿದ್ದ. ಸಿಮೆಂಟು ಏಕೆ ಬೇಡ ಎಂದು ಕೇಳಿದೆ.

“ಸುಣ್ಣದ್ ಗೋಡೆ ಉಸ್ರಾಡ್ತದೆ ಸಾ. ಸಿಮೆಂಟ್ ಮೆತ್ತುದ್ರೆ ಒಳ್ಗಿನ್ ತೇವ ಒಳ್ಗೇ ನಿಂತ್ಕಂಡು ಇಟ್ಟಿಗೆ ಪುಡಿ ಆಯ್ತದೆ” ಎಂದ.

ಸೂರಿನ ಕೆಳಗೆ ಸಾಲಾಗಿ ಅಂಗೈಯಗಲದ ತೂತುಗಳಿದ್ದವು. ಕಟ್ಟುವಾಗ ಸಾರವೆಯ ಗಳ ಸಿಕ್ಕಿಸಿ, ಆಮೇಲೆ ಮುಚ್ಚದೆ ಬಿಟ್ಟವು. ಒಂದರ ಬಾಯಲ್ಲಿ ಪುಕ್ಕದ ಅಂಚು. ಮೇಸ್ತ್ರಿಯೂ ನೋಡಿದ್ದ. “ಎಲ್ಲ ತುಂಬಿದ್ದೀನಿ ಸಾ, ಈ ಎರಡು ಬಿಟ್ಟು. ಒಳ್ಗೆ ಕೀಚು ಕೀಚು ಅಂತದೆ.”

ಮನೆಯ ಅಜ್ಜಿ ಜಗಲಿಯಲ್ಲೇ ಕೂತಿದ್ದರು. “ಅದನ್ನೂ ಮುಚ್ಬುಡಪ್ಪ. ದಿನಾ ಬೆಳಿಗ್ಗೆ ಜಗಲಿ ತೊಳ್ದು ತೊಳ್ದು ಸಾಕಾಗೈತೆ. ಮನೆ ಕಾಯೋಕೆ ಬಂದವೆ ಅಂತಾನೆ ಇವ್ನು. ಗಲೀಜು ಬಳಿಯೋರು ಯಾರು?”

ಅಜ್ಜಿಯ ಮಾತಿನಲ್ಲಿ ನ್ಯಾಯವಿತ್ತು. ಹಕ್ಕಿ ಪ್ರೀತಿಸುವ ನಾನು ನೋಡಿ ಮನೆಗೆ ಹೋಗುವವನು, ತೊಳೆಯುವವರು ಅವರು. ಕೊನೆಗೆ ಮೇಸ್ತ್ರಿಯೇ ದಾರಿ ತೆಗೆದ. ತೂತಿನ ಒಂದು ಮೊಳ ಕೆಳಗೆ ಎರಡು ಮೊಳೆ ಹೊಡೆದು ಹಳೆಯ ಹಲಗೆಯ ತುಂಡೊಂದನ್ನು ಅಡ್ಡ ಕೂರಿಸಿದ. ಹಿಕ್ಕೆ ಹಲಗೆಯ ಮೇಲೆ ಬೀಳತೊಡಗಿತು. “ಹೋಗ್ಲಿ ಬುಡು, ಮರಿ ಹಾರೋ ತಂಕ” ಎಂದರು ಅಜ್ಜಿ.

ನಮ್ಮ ಬೀದಿಯ ಹುಡುಗಿಯೊಬ್ಬಳು ಇಟಲಿಯ ಬೊಲೊನ್ಯಾದಲ್ಲಿ ಓದುತ್ತಿದ್ದಾಳೆ. ಈ ತೂತಿನ ಪಟ ಕಳಿಸಿದ್ದಕ್ಕೆ ಅವಳಿಂದ ಧ್ವನಿ ಸಂದೇಶ ಬಂತು: “ಅಂಕಲ್, ಇಲ್ಲಿನ ಹಳೇ ಗೋಪುರಗಳಲ್ಲೂ ಹಿಂಗೇ ತೂತು ಇವೆ. ಪೂರ್ತಿ ಮುಚ್ಚೋ ಬದಲು ಪಾರಿವಾಳ ನುಗ್ಗದ ಹಾಗೆ ಚಿಕ್ಕದು ಮಾಡಿ ಬಿಡ್ತಾರಂತೆ.” ಅಲ್ಲಿ ಗೂಡು ಮಾಡುವುದು ನಮ್ಮ ಹಕ್ಕಿಯ ದೊಡ್ಡಣ್ಣ, ಯುರೋಪಿನ ಸಾಮಾನ್ಯ ಬಾನಾಡಿ. ಏಪ್ರಿಲ್‌ನಲ್ಲಿ ಆಫ್ರಿಕಾದಿಂದ ಬಂದು, ಮರಿ ಮಾಡಿ, ಬೇಸಿಗೆ ಮುಗಿಯುವ ಮೊದಲೇ ಹೊರಡುತ್ತದೆ. ಗೂಡು ಬಿಟ್ಟ ಮೇಲೆ ಹತ್ತು ತಿಂಗಳು ಹೆಚ್ಚುಕಡಿಮೆ ಗಾಳಿಯಲ್ಲೇ ಇರುತ್ತದೆ ಎಂದು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಹಕ್ಕಿಯ ಬೆನ್ನಿಗೆ ಪುಟ್ಟ ಯಂತ್ರ ಕಟ್ಟಿ 2016ರಲ್ಲಿ ತೋರಿಸಿದರು. ಹಿಂದೆ ಇಟಲಿಯ ಹಳ್ಳಿಗರು ಗೋಡೆ ತುಂಬ ಗೂಡುಗಳಿರುವ ಗೋಪುರಗಳನ್ನೇ ಕಟ್ಟಿ, ಕೊಬ್ಬಿದ ಮರಿಗಳನ್ನು ತೆಗೆದು ತಿನ್ನುತ್ತಿದ್ದರು. ಹೊಟ್ಟೆಪಾಡಿಗೆ ಬಿಟ್ಟ ತೂತು ಈಗ ಹಕ್ಕಿಯ ಉಳಿವಿಗೆ ಒದಗಿದೆ. ಐದಾರು ಸೆಂಟಿಮೀಟರಿನ ಬಾಯಿ ಬಾನಾಡಿಗೆ ಸಾಕು. ಪಾರಿವಾಳ ಒಳಗೆ ತೂರಲಾರದು. ಈ ಅಳತೆಯನ್ನು ಮೇಸ್ತ್ರಿಗೆ ಹೇಳಿದಾಗ ಅವನು ಎರಡು ಬೆರಳು ಜೋಡಿಸಿ, ಇನ್ನೊಂದು ಸೇರಿಸಿ, “ಇಷ್ಟಾ? ಅರ್ಧ ಇಟ್ಟಿಗೆ ಕೆಲ್ಸ ಸಾ” ಎಂದ.

ಆಗಸ್ಟ್: ನೀರು, ಜ್ವರ, ಬಾವಲಿ

ನಾಲೆಗೆ ನೀರು ಬಿಟ್ಟಿದ್ದಾರೆ, ನಾಟಿ ನಡೆದಿದೆ. ಪೈರಿನ ನಡುವೆ ಕೊಳದ ಬಕ, ಬದುವಿನ ಮೇಲೆ ಟಿಟ್ಟಿಭ, ಟ್ರ್ಯಾಕ್ಟರಿನ ಹಿಂದೆ ಗೋವಕ್ಕಿಗಳ ಮೆರವಣಿಗೆ. ನಿಂತ ನೀರಿನಿಂದ ಏಳುವ ಹುಳುಗಳಿಗೆ ಲೆಕ್ಕವಿಲ್ಲ. ಬಾನಾಡಿಗಳು ಈಗ ಗದ್ದೆಯ ಮೇಲೆ ತೀರ ತಗ್ಗಿನಲ್ಲಿ ಹಾರುತ್ತವೆ.

ಈ ನೀರೇ ಒಂದು ಕಾಲಕ್ಕೆ ಊರನ್ನು ಖಾಲಿ ಮಾಡಿಸಿತ್ತು. 1800ರಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ, ಸಸ್ಯಶಾಸ್ತ್ರಜ್ಞ, ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷವಿದ್ದೀತೆಂದು ಅಂದಾಜಿಸಿದ ಜನಸಂಖ್ಯೆ ಸುಮಾರು 32 ಸಾವಿರಕ್ಕೆ ಇಳಿದಿದ್ದನ್ನು ಕಂಡ. ರಾಜಧಾನಿ ಹೋದದ್ದು ಒಂದು ಕಾರಣ. ಉಳಿದ ಇಂಗ್ಲಿಷ್ ಪಡೆ ಚಳಿಜ್ವರಕ್ಕೆ ಸಿಕ್ಕಿ ಸಾಯತೊಡಗಿತು. 1809ರ ಹೊತ್ತಿಗೆ ದಂಡು ಬೆಂಗಳೂರಿಗೆ ಸ್ಥಳಾಂತರವಾಯಿತು. ಬೆಂಗಳೂರಿನ ದಂಡು ಪ್ರದೇಶ ಹುಟ್ಟಿದ್ದರಲ್ಲಿ ಇಲ್ಲಿನ ಸೊಳ್ಳೆಯ ಪಾಲೂ ಇದೆ. ಆಗ ಅದು ಸೊಳ್ಳೆಯ ಕೆಲಸವೆಂದು ಯಾರಿಗೂ ಗೊತ್ತಿರಲಿಲ್ಲ. ಕೆಟ್ಟ ಗಾಳಿ ಎಂದರು. ರೋಮಿನ ಹೊರಬಯಲಿನ ರೈತರೂ ಶತಮಾನಗಳ ಕಾಲ ಗಾಳಿಯನ್ನೇ ಬೈದು, ಅದೇ ಜ್ವರದಲ್ಲಿ ಸತ್ತರು. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ರೋಗಾಣು ಕಂಡ. ಮರುವರ್ಷ ಇಟಲಿಯ ಗ್ರಾಸಿ ಮತ್ತು ಜೊತೆಗಾರರು ಮನುಷ್ಯರಿಗೆ ಅದನ್ನು ದಾಟಿಸುವುದು ಅನಾಫಿಲಿಸ್ ಸೊಳ್ಳೆ ಎಂದು ತೋರಿಸಿದರು.

ಬಾನಾಡಿ ಸೊಳ್ಳೆ ತಿಂದು ನಮ್ಮನ್ನು ಕಾಪಾಡುತ್ತದೆ ಎಂದು ಹೇಳುವವರಿದ್ದಾರೆ. ಕೇಳಲು ಚೆನ್ನ. ಆದರೆ ಅನಾಫಿಲಿಸ್ ಹೊರಡುವುದು ಕತ್ತಲಾದ ಮೇಲೆ, ಬಾನಾಡಿ ಅಷ್ಟರಲ್ಲಿ ಗೂಡು ಸೇರಿರುತ್ತದೆ. ಆ ಪಾಳಿಯ ಕೆಲಸದವರು ಬೇರೆ. ಬೆಳಕು ಮಾಸಿ, ಕಡೆಯ ಬಾನಾಡಿ ಕಮಾನಿಗೆ ನುಗ್ಗಿ ಕೆಲವೇ ನಿಮಿಷಕ್ಕೆ ಗೋಡೆಯ ಕತ್ತಲ ಕಿಂಡಿಯಿಂದ ಹುಳು ತಿನ್ನುವ ಚಿಕ್ಕ ಬಾವಲಿಗಳು ಹೊರಬೀಳುತ್ತವೆ. ಒಂದು, ಎರಡು, ಆಮೇಲೆ ಎಣಿಸಲಾಗದಷ್ಟು. ಅವೂ ಹೊರಡುವುದು ನದಿಯ ಕಡೆಗೆ, ಗದ್ದೆಯ ಕಡೆಗೇ. ಹಗಲಿನವರ ದಾರಿಯನ್ನೇ ಇರುಳಿನವರೂ ಹಿಡಿಯುತ್ತಾರೆ. ಬಾವಲಿಯೊಂದೇ ಜ್ವರ ತಡೆಯುತ್ತದೆಂದೂ ನಾನು ಹೇಳಲಾರೆ. ಗದ್ದೆಯಿಂದೇಳುವ ಹುಳುವಿನ ರಾಶಿಗೆ ಹಗಲೂ ಇರುಳೂ ತಿನ್ನುವವರಿದ್ದಾರೆ ಎಂಬಷ್ಟು ಮಾತ್ರ ಖಂಡಿತ.

ಡಿಸೆಂಬರ್: ಕಟಾವು

ಭತ್ತ ಕುಯ್ದ ಗದ್ದೆಯಲ್ಲಿ ಕೂಳೆ ಉಳಿದಿದೆ. ಕೆಂಪುತಲೆಯ ಕೆಂಬರಲುಗಳು ಬದು ಕೆದಕುತ್ತಿವೆ. ಕಬ್ಬಿನ ಕಡೆ ಆಲೆಮನೆಯೊಂದು ಹೊಗೆಯಾಡುತ್ತಿದೆ. ಕೊಪ್ಪರಿಗೆಯ ಹಾಲು ಕುದಿಯುವ ವಾಸನೆಗೆ ಜೇನು, ಕಣಜ, ನೊಣ ಮುತ್ತುತ್ತವೆ; ಅವನ್ನು ಹಿಡಿಯಲು ತಂತಿಯ ಮೇಲೆ ಕಾಜಾಣ, ಕಳ್ಳಿಪೀರ; ಎಲ್ಲಕ್ಕಿಂತ ಮೇಲೆ ಬಾನಾಡಿ. ಮೂವರಿಗೂ ಮೂರು ಎತ್ತರ. ಸಿಪ್ಪೆ ಒಲೆಗೆ ಹಾಕುತ್ತಿದ್ದವರು, “ಕಾಜಾಣ ಇದ್ರೆ ಕಣಜದ ಕಾಟ ಒಸಿ ಕಮ್ಮಿ ಕಣಣ್ಣ” ಎಂದರು.

ವಾಪಸು ರಾಜೀವನಗರದ ಕಡೆ ತಿರುಗಿದರೆ ಈ ವರ್ಷದ ಹೊಸ ಬಡಾವಣೆಗಳು ಎದುರಾಗುತ್ತವೆ. ಡಾಂಬರು ಹಾಕಿದ ಅಡ್ಡರಸ್ತೆ, ಚರಂಡಿ, ವಿದ್ಯುತ್ ಕಂಬ ಎಲ್ಲ ಬಂದಿವೆ. ಮನೆ ಇನ್ನೂ ಬಂದಿಲ್ಲ. ಹುರುಳಿ ಹೊಲದ ಜಾಗವಿದು. ನಾನಿರುವ ಬೀದಿಯೂ ಹಿಂದೊಮ್ಮೆ ಹೀಗೆಯೇ ಹೊಲ ಸರಿಸಿ ಬಂದದ್ದು. ಮೈಸೂರು ಈಚೆಯಿಂದ ಬೆಳೆಯುತ್ತಿದೆ, ಪಟ್ಟಣ ಆಚೆಯಿಂದ ಬೆಳೆಯುತ್ತಿದೆ; ನಡುವಿನ ಬಯಲು ವರ್ಷವರ್ಷಕ್ಕೆ ಕಿರಿದಾಗುತ್ತಿದೆ. ಬಾನಾಡಿಗೆ ಕೋಟೆ ಮಲಗುವ ಮನೆ, ಈ ಬಯಲು ಅಡುಗೆಮನೆ.

ಕೋಟೆಗೆ ಕಾಯ್ದೆಯ ಕಾವಲಿದೆ. ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. 2010ರ ತಿದ್ದುಪಡಿ ಇದನ್ನು ಬಿಗಿ ಮಾಡಿತು. ಗೋಡೆಯನ್ನು ಉಳಿಸಲು ಇಷ್ಟು ಸಾಕು. ರೈಲು ಜೋಡಿ ಮಾರ್ಗಕ್ಕೆ ಅಡ್ಡವಾದ ಟಿಪ್ಪುವಿನ ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಒಡೆಯದೆ, ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆ ಸರಿಸಿ ಕೂರಿಸಿದ ನಾಡು ನಮ್ಮದು. ಕಟ್ಟಡವನ್ನು ಹಾಗೆ ಸರಿಸಬಹುದು, ಬಯಲನ್ನು ಸರಿಸಲಾಗದು. ಮುನ್ನೂರು ಮೀಟರಿನೊಳಗೆ ಬಾನಾಡಿಯ ಊಟವೂ ಮುಗಿಯುವುದಿಲ್ಲ. ಗದ್ದೆ, ನಾಲೆ, ನದಿ ಬಿಟ್ಟು ಬರೀ ಕಲ್ಲನ್ನು ಉಳಿಸಿಕೊಂಡರೆ ಹಳೆಯ ಊರನ್ನು ಅರ್ಧ ಉಳಿಸಿಕೊಂಡಂತೆ. ನಗರ ಯೋಜನೆ ಮಾಡುವವರು ವಿರಿಜಾ ನಾಲೆಯ ಅಚ್ಚುಕಟ್ಟನ್ನೂ ಸ್ಮಾರಕದ ಅಂಗಳವೆಂದೇ ನಕ್ಷೆಯಲ್ಲಿ ಗುರುತಿಸಬೇಕು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವ ಕೆಲಸ ಚಿಕ್ಕದು. ಹಳೆಯ ಮನೆ, ಗುಡಿ, ಮಸೀದಿ, ಛತ್ರ ಯಾವುದೇ ಇರಲಿ, ಗೋಡೆಯ ತೂತು ಮುಚ್ಚುವ ಮುಂಚೆ ಒಂದು ಸಂಜೆ ಎದುರಿಗೆ ಕೂತು ಯಾರು ಒಳಗೆ ಹೋಗುತ್ತಾರೆ ನೋಡಿ. ಫೆಬ್ರವರಿಯಿಂದ ಸೆಪ್ಟೆಂಬರ್‌ವರೆಗೆ ಆ ಕೆಲಸ ಬೇಡ. ಮಾಡಲೇಬೇಕಾದರೆ ಅಕ್ಟೋಬರ್‌ನಿಂದ ಜನವರಿಯೊಳಗೆ, ಸುಣ್ಣದ ಗೋಡೆಗೆ ಸುಣ್ಣದ ಗಾರೆಯಲ್ಲೇ ಮಾಡಿ. ಪೂರ್ತಿ ಮುಚ್ಚದೆ ಮೂರು ಬೆರಳಗಲ ಬಿಡಿ, ಕೆಳಗೊಂದು ಹಲಗೆ ಹೊಡೆಯಿರಿ. ರಾಜೀವನಗರದಂಥ ಬಡಾವಣೆಯಲ್ಲಿ ಹೊಸ ಮನೆ ಕಟ್ಟುವವರೂ ಸಜ್ಜೆಯ ಅಡಿಯಲ್ಲಿ ಅಂಥದೊಂದು ಬಾಯಿ ಬಿಡಿಸಬಹುದು. ಅದಕ್ಕೆ ತಗಲುವ ಖರ್ಚು ಅರ್ಧ ಇಟ್ಟಿಗೆಯದು.